ಎರಡು ಬದಿಯ ಲೆನ್ಸ್ ಹೋಲ್ಡರ್: ಯಕ್ಷಗಾನದ ಆಟಕ್ಕೆ ಸೈ, ಒತ್ತೆಕೋಲಕ್ಕೆ ಬೇಡ

ಸೊಂಟದ ಬೆಲ್ಟಿಗೋ ಬ್ಯಾಗಿನ ಪಟ್ಟಿಗೋ ಸಿಕ್ಕಿಸಿ, ಎರಡು ಬದಿಗೂ ಒಂದೊಂದು ಲೆನ್ಸ್ ಕೂರಿಸುವ ಹೋಲ್ಡರಿನ ಬಗ್ಗೆ ಈ ಬರಹ. ಪೀಕ್ ಡಿಸೈನ್, ಗೋವಿಂಗ್ ಹೆಸರುಗಳನ್ನು ಹೆಚ್ಚಿನವರು ಕೇಳಿರುತ್ತಾರೆ. ಅದೇ ಮಾದರಿಯ ಅಗ್ಗದ ಪ್ಲಾಸ್ಟಿಕ್ ಹೋಲ್ಡರುಗಳೂ ಆನ್‌ಲೈನಿನಲ್ಲಿ ಧಾರಾಳ. ಇಲ್ಲಿ ಹೇಳುವುದು ಒಂದು ಕಂಪೆನಿಯ ಗುಣದೋಷವಲ್ಲ, ಈ ಮಾದರಿಯದ್ದು. ಕಾಸರಗೋಡಿನ ಯಕ್ಷಗಾನ, ಕಳಿಯಾಟ (ದೈವದ ವೇಷ ಕಟ್ಟಿ ಕುಣಿಯುವ ತೆಯ್ಯಂನ ಉತ್ಸವ), ಮದುವೆ ಮನೆ, ಬೇಕಲದ ಕಡಲತಡಿ ಎಲ್ಲ ಕಡೆ ವರ್ಷಗಟ್ಟಲೆ ಬಳಸಿದ ಮೇಲೆ ನಿಂತ ಅಭಿಪ್ರಾಯ.

ಮೊದಲು ಲೆಕ್ಕ ಸರಿಮಾಡಿಕೊಳ್ಳೋಣ. ಎರಡು ಲೆನ್ಸ್ ಹಿಡಿಯುತ್ತದೆ ಎನ್ನುತ್ತಾರೆ. ಎರಡೂ ಬದಿ ತುಂಬಿದ್ದರೆ ಬಾಡಿಯಿಂದ, ಅಂದರೆ ಕ್ಯಾಮೆರಾದಿಂದ, ಬಿಚ್ಚಿದ ಲೆನ್ಸನ್ನು ಇಡುವುದೆಲ್ಲಿ? ಒಂದು ಬದಿ ಯಾವಾಗಲೂ ಖಾಲಿ ಇರಲೇಬೇಕು. ಅಂದರೆ ಇದು ಒಂದು ಲೆನ್ಸಿನ ಹೋಲ್ಡರು, ಜತೆಗೆ ಒಂದು ಖಾಲಿ ಜಾಗ. ಮೂರು ಲೆನ್ಸ್ ಒಯ್ಯುವವರಿಗೆ ಇದೊಂದೇ ಸಾಲದು, ಪೌಚೂ ಬೇಕು.

ಲಾಭ ಇರುವುದು ಲೆನ್ಸಿನ ಹಿಂದಿನ ಕ್ಯಾಪನ್ನು ತೆಗೆದು ಹಾಕುವ ಕೆಲಸ ತಪ್ಪುವುದರಲ್ಲಿ. ಹೋಲ್ಡರಿನ ಮೌಂಟೇ, ಅಂದರೆ ಲೆನ್ಸ್ ಕೂರುವ ಬಾಯಿಯೇ, ಕ್ಯಾಪಿನ ಕೆಲಸ ಮಾಡುತ್ತದೆ. ಕ್ಯಾಮೆರಾ ಆಫ್ ಮಾಡಿ, ಕೊರಳಿನ ಪಟ್ಟಿಯಲ್ಲಿ ಬಾಯಿ ಕೆಳಗಾಗುವಂತೆ ತೂಗಲು ಬಿಡಿ. ಲೆನ್ಸ್ ಬಿಚ್ಚಿ ಖಾಲಿ ಬದಿಗೆ ಕೂರಿಸಿ ತಿರುಗಿಸಿ. ‘ಟಕ್’ ಸದ್ದು ಕೇಳುವವರೆಗೆ ಕೈ ಬಿಡಬೇಡಿ. ಹೋಲ್ಡರನ್ನು ಮಗುಚಿ ಇನ್ನೊಂದನ್ನು ಬಿಚ್ಚಿ ಬಾಡಿಗೆ ಹಾಕಿ. ರಂಗಸ್ಥಳದೆದುರು ಕತ್ತಲಲ್ಲಿ ಕೂತವರಿಗೆ ಲೆನ್ಸಿನ ಗುರುತಿನ ಚುಕ್ಕೆಯನ್ನು ಮೌಂಟಿನ ಚುಕ್ಕೆಗೆ ಹೊಂದಿಸುವುದೇ ಕಷ್ಟ. ಲೆನ್ಸಿನ ಚುಕ್ಕೆಯ ನೇರಕ್ಕೆ ಸಣ್ಣ ರಬ್ಬರ್ ಗುಬುಟು ಅಂಟಿಸಿಟ್ಟರೆ ಬೆರಳಿಗೇ ಗೊತ್ತಾಗುತ್ತದೆ. ಕ್ಯಾನನ್, ಸೋನಿ ಲೆನ್ಸನ್ನು ಎದುರಿನಿಂದ ನೋಡಿದಾಗ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಿ ಹಾಕುವುದು, ನಿಕಾನ್ ಅದಕ್ಕೆ ಉಲ್ಟಾ. ಎರಡೂ ಬಳಸುವವರ ಕೈ ಅವಸರದಲ್ಲಿ ತಪ್ಪುವುದು ಇಲ್ಲೇ.

ಖಾಲಿ ಬದಿಯನ್ನು ತೆರೆದಿಡಬೇಡಿ. ಅದರಲ್ಲಿ ಕೂತ ಧೂಳು ಮೊದಲು ಲೆನ್ಸಿನ ಹಿಂಗಾಜಿಗೆ, ಅಲ್ಲಿಂದ ಸೆನ್ಸಾರಿಗೆ ಹೋಗುತ್ತದೆ. ಆ ಮೌಂಟು ಬಾಡಿಯ ಮೌಂಟಿನಂತೆಯೇ ಇರುವುದರಿಂದ ಮಾಮೂಲು ಬಾಡಿ ಕ್ಯಾಪ್ ಸರಿಯಾಗಿ ಕೂರುತ್ತದೆ. ಬೇಸಗೆಯಲ್ಲಿ ಮುರಕಲ್ಲಿನ ಕೆಂಪು ಧೂಳು ಏಳುವ ಕಡೆ ಇದು ಕಡ್ಡಾಯ.

ತೂಕದ ವಿಷಯ. 50 ಎಂಎಂ ಎಫ್ 1.8, 85 ಎಂಎಂ ಎಫ್ 1.8 ಹಾಕಿದರೆ ತೂಗಿದ್ದೇ ತಿಳಿಯದು. ಆದರೆ 70-200 ಎಫ್ 2.8ರಂಥ ದೊಡ್ಡ ಜೂಮ್ ಲೆನ್ಸ್ ಒಂದರಿಂದ ಒಂದೂವರೆ ಕಿಲೋ. ಅಷ್ಟನ್ನೂ ತಿರುಗದಂತೆ ತಡೆಯುವುದು ಒಂದು ಸಣ್ಣ ಲಾಕ್ ಪಿನ್. ನಡೆವಾಗ ತೊಡೆಗೆ ಬಡಿಯುತ್ತದೆ, ವೇಷ ಕಟ್ಟುವ ಚೌಕಿಯ ಇಕ್ಕಟ್ಟಿನಲ್ಲಿ ಪೆಟ್ಟಿಗೆಗಳಿಗೆ ತಾಗುತ್ತದೆ, ಬೆಲ್ಟು ಒಂದು ಕಡೆಗೆ ಜಗ್ಗುತ್ತದೆ. ದೊಡ್ಡ ಲೆನ್ಸ್ ಬಾಡಿಯಲ್ಲಿದ್ದು ಸಣ್ಣದು ಹೋಲ್ಡರಿನಲ್ಲಿರಲಿ. ಎರಡನ್ನೂ ಅದಲುಬದಲು ಮಾಡುತ್ತಲೇ ಇರಬೇಕಾದ ಕಾರ್ಯಕ್ರಮಕ್ಕೆ ಇದು ತಕ್ಕ ಸಾಧನವಲ್ಲ. ಎರಡನೇ ಬಾಡಿಯೇ ಬೇಕು.

ಕೆಡುವುದು ಎಲ್ಲಿ ಎಂದರೆ, ಪ್ಲಾಸ್ಟಿಕ್ ಮೌಂಟಿನ ಹಲ್ಲು ಸವೆಯುತ್ತದೆ. ಸವೆದ ಪುಡಿ ಲೆನ್ಸಿನ ಲೋಹದ ಅಂಚಿಗೆ ಹತ್ತಿ ಕ್ಯಾಮೆರಾದೊಳಗೆ ಹೋಗುತ್ತದೆ. ಲೆನ್ಸ್ ಕೂರಿಸಿದ ಮೇಲೆ ಅಲುಗಾಡಲು ಶುರುವಾದರೆ ಹೋಲ್ಡರಿನ ಆಯುಸ್ಸು ಮುಗಿಯಿತೆಂದೇ ತಿಳಿಯಿರಿ. ಬೆಲ್ಟ್ ಕ್ಲಿಪ್ಪಿನ ಸ್ಕ್ರೂಗಳು ನಡಿಗೆಯ ಕುಲುಕಿಗೆ ಸಡಿಲವಾಗುತ್ತವೆ. ನೀಲಿ ಬಣ್ಣದ ಥ್ರೆಡ್ ಲಾಕರ್ (ಸ್ಕ್ರೂ ಸಡಿಲವಾಗದಂತೆ ಹಾಕುವ ಅಂಟು) ಒಂದು ಹನಿ ಸಾಕು, ಆದರೆ ಅದು ಪ್ಲಾಸ್ಟಿಕ್ಕಿಗೆ ತಾಗದಿರಲಿ. ಪಿನ್ನಿನ ಸ್ಪ್ರಿಂಗು ಕಡಲ ಗಾಳಿಗೆ ತುಕ್ಕು ಹಿಡಿಯುತ್ತದೆ. ಒದ್ದೆ ಬಟ್ಟೆಯಿಂದ ಉಪ್ಪು ಒರೆಸಿ, ಪೂರ್ತಿ ಒಣಗಿದ ಮೇಲೆ ತೆಗೆದಿಡಿ. ಎಣ್ಣೆ ಹಾಕಲೇಬೇಡಿ, ಅದು ಲೆನ್ಸಿಗೆ ಹರಿಯುತ್ತದೆ. ಗುಂಪಿನಲ್ಲಿ ಬಟನ್ ಒತ್ತಿಹೋಗಿ ಲೆನ್ಸ್ ತಿರುಗಿ ಬಿದ್ದರೆ ಕಥೆ ಮುಗಿದಂತೆ. ಕೊಳ್ಳುವಾಗ ಬಟನ್ನಿನ ಸುತ್ತ ಎತ್ತರದ ಅಂಚು ಇರುವುದನ್ನೇ ಆರಿಸಿ.

ಇನ್ನು ತೆಯ್ಯಂ. ಮಲಯಾಳ ತುಲಾ ತಿಂಗಳ ಹತ್ತರ ನಂತರ, ಅಂದರೆ ಅಕ್ಟೋಬರ್ ಕೊನೆಯಿಂದ, ಮಳೆ ಹಿಡಿಯುವವರೆಗೂ ಇಲ್ಲಿ ಅದೇ ಸುಗ್ಗಿ. ಒತ್ತೆಕೋಲ ಎಂಬ ಆಚರಣೆಯಲ್ಲಿ ಕೆಂಡದ ರಾಶಿಗೆ ತೆಯ್ಯಂ ಬೀಳುವಾಗ ಏಳುವ ಬೂದಿ ಎದುರು ಹೋಲ್ಡರು ಸೋಲುತ್ತದೆ, ಏಕೆಂದರೆ ತೂಗುವ ಲೆನ್ಸಿನ ಮುಂಗಾಜು ಬಯಲಿಗೇ ಇರುತ್ತದೆ. ಮುಂದಿನ ಕ್ಯಾಪ್ ಹಾಕಿದರೆ ಉಳಿಸಿದ ಸಮಯ ಅಲ್ಲಿಗೇ ಹೋಯಿತು. ಯುವಿ ಫಿಲ್ಟರು, ಹುಡ್ ಸ್ವಲ್ಪ ಮಟ್ಟಿಗೆ ಕಾಯುತ್ತವೆ ಅಷ್ಟೆ. ಅದಕ್ಕಿಂತ ದೊಡ್ಡ ಅಪಾಯ ಸೆನ್ಸಾರಿನದ್ದು. ಮೌಂಟಿನಿಂದ ಸೆನ್ಸಾರಿಗೆ ಇರುವ ದೂರ ಹಳೆಯ ಬಗೆಯ ನಿಕಾನ್ ಎಫ್ ಮೌಂಟಿನಲ್ಲಿ 46.5 ಮಿಲಿಮೀಟರ್, ನಡುವೆ ಕನ್ನಡಿ, ಮುಚ್ಚಿದ ಶಟರ್. ಕನ್ನಡಿಯಿಲ್ಲದ ಮಿರರ್‌ಲೆಸ್ ಕ್ಯಾಮೆರಾಗಳ ಮೌಂಟುಗಳಲ್ಲಿ ಅದು ಬಹಳ ಕಡಿಮೆ: ನಿಕಾನ್ ಜೆಡ್‌ನಲ್ಲಿ 16, ಸೋನಿ ಇಯಲ್ಲಿ 18, ಕ್ಯಾನನ್ ಆರ್‌ಎಫ್‌ನಲ್ಲಿ 20. ಕ್ಯಾನನ್ ಇಒಎಸ್ ಆರ್ ಆಫ್ ಮಾಡಿದಾಗ ಶಟರ್ ಮುಚ್ಚುತ್ತದೆ, ನಿಕಾನ್ ಜೆಡ್ 8, ಜೆಡ್ 9ರಲ್ಲಿ ಸೆನ್ಸಾರಿಗೆ ಪ್ರತ್ಯೇಕ ಮರೆ ಇದೆ. ಆದರೂ ಬೂದಿ ಹಾರುವಲ್ಲಿ ಲೆನ್ಸ್ ಬಿಚ್ಚಬೇಡಿ. ತೆಯ್ಯಂ ಕೆಂಡಕ್ಕೆ ಬೀಳುವ ಹೊತ್ತಿಗೆ ಮುಂಚೆಯೇ ಬೇಕಾದ ಲೆನ್ಸ್ ಹಾಕಿಕೊಂಡು ಗಾಳಿ ಬರುವ ಬದಿಯಲ್ಲಿ ನಿಲ್ಲಿ.

ಇಂಥ ಕಡೆ, ಮಳೆಯಲ್ಲೂ, ಬೆಲ್ಟ್ ಪೌಚೇ ಮೇಲು. ಗಾತ್ರ ಮಾತ್ರ ಲೆನ್ಸಿಗಿಂತ ದೊಡ್ಡದಿರಲಿ: ಬದಲಿಸುವ ಕ್ಷಣದಲ್ಲಿ ಎರಡೂ ಲೆನ್ಸ್ ಒಳಗೆ ಹಿಡಿಯಬೇಕು, ನಡುವೆ ಮೆತ್ತನೆಯ ಅಡ್ಡಗೋಡೆ ಬೇಕು. ವೆಲ್ಕ್ರೋ ಮುಚ್ಚಳ ಬೇಡ. ಭಾಗವತರು ಪದ್ಯ ಎತ್ತುವಾಗ ಅದರ ‘ಪರ್’ ಸದ್ದಿಗೆ ಹತ್ತು ತಲೆ ಹಿಂದಿರುಗುತ್ತವೆ. ಲೋಹದ ಜಿಪ್ ಇಲ್ಲಿನ ಉಪ್ಪುಗಾಳಿಗೆ ಹಿಡಿದುಕೊಳ್ಳುತ್ತದೆ, ಪ್ಲಾಸ್ಟಿಕ್ ಹಲ್ಲಿನದೇ ಸರಿ.

ಕಡಿಮೆ ಖರ್ಚಿನ ದಾರಿಯೂ ಒಂದಿದೆ. ಲೆನ್ಸಿನ ಎರಡು ಹಿಂದಿನ ಕ್ಯಾಪುಗಳ ಬೆನ್ನನ್ನು ಮರಳು ಕಾಗದದಿಂದ ಉಜ್ಜಿ, ಅರಾಲ್ಡೈಟಿನಿಂದ ಬೆನ್ನಿಗೆ ಬೆನ್ನು ಅಂಟಿಸಿ ಒಂದು ದಿನ ಬಿಡಿ. ಇದಕ್ಕೆ ಲಾಕ್ ಇಲ್ಲ, ಬಿಗಿತದಲ್ಲಷ್ಟೇ ನಿಲ್ಲುತ್ತದೆ. ತೂಗುಹಾಕದೆ ಪೌಚಿನೊಳಗೇ ಇಡಿ. ಸಣ್ಣ ಲೆನ್ಸುಗಳಿಗೆ ಇದು ದುಬಾರಿ ಹೋಲ್ಡರಿನ ಮುಕ್ಕಾಲು ಕೆಲಸ ಮಾಡುತ್ತದೆ.

ಜೂನ್ ಬಂದ ಮೇಲೆ ಯಾವುದರಲ್ಲೂ ಲೆನ್ಸ್ ಬಿಟ್ಟಿಡಬೇಡಿ. ಪೌಚಿನ ಸ್ಪಂಜು ತೇವ ಹಿಡಿದು ಫಂಗಸ್ ಬರಿಸುತ್ತದೆ. ಗಾಳಿಯಾಡದ ಡಬ್ಬಿ, ಸಿಲಿಕಾ ಜೆಲ್, ಒಂದು ತೇವಮಾಪಕ ಇಟ್ಟು ಒಳಗಿನ ತೇವ ಶೇಕಡಾ 40ರಿಂದ 50ರ ನಡುವೆ ಇರುವಂತೆ ನೋಡಿಕೊಳ್ಳಿ.