ಎಂಟನೇ ನಂಬರಿನ ಫ್ಲೈ ರಾಡ್: ಚಂದ್ರಗಿರಿ ಅಳಿವೆಯಲ್ಲಿ ಮೂರು ತಿಂಗಳು

ಒಂಬತ್ತು ಅಡಿ ಉದ್ದದ, ಎಂಟನೇ ನಂಬರಿನ ಲೈನಿಗೆ (ಗಾಳದ ದಾರಕ್ಕೆ; ನಂಬರು ಹೆಚ್ಚಿದಷ್ಟೂ ದಾರ ಭಾರ) ಹೊಂದುವ ಈ ಕಾರ್ಬನ್ ಫೈಬರ್ ಫ್ಲೈ ರಾಡನ್ನು, ಅಂದರೆ ಗರಿ ಸುತ್ತಿದ ಕೊಕ್ಕೆಯನ್ನು ಬೀಸಿ ಮೀನು ಹಿಡಿಯುವ ಗಾಳದ ಕೋಲನ್ನು, ಚಂದ್ರಗಿರಿ ಹೊಳೆ ಕಡಲು ಸೇರುವ ಕಾಸರಗೋಡಿನ ತಳಂಗರೆಯ ಅಳಿವೆಯಲ್ಲಿ ಮೂರು ತಿಂಗಳು ಬಳಸಿದ್ದೇನೆ. ನಾಲ್ಕು ತುಂಡುಗಳಾಗಿ ಕಳಚಿ ಸ್ಕೂಟರಿನಲ್ಲಿ ಒಯ್ಯಬಹುದು. ಲೈನ್ ಹಾಯುವ ಬಳೆಗಳು ಉಪ್ಪುನೀರಿಗೆ ಇನ್ನೂ ತುಕ್ಕು ಹಿಡಿದಿಲ್ಲ. ಆದರೆ ರಾಡ್ ಕೊಳ್ಳುವವರು ಮೊದಲು ವಿಚಾರಿಸಬೇಕಾದದ್ದು, ಎರಡು ತಾಸು ಬೀಸಿ ಮನೆಗೆ ಬಂದಾಗ ಮೈಯ ಯಾವ ಭಾಗ ನೋಯುತ್ತದೆ ಎಂಬುದನ್ನು.

ಬೀಸುಬಲೆ ಎಸೆಯುವವರ ಬಲವೆಲ್ಲ ಸೊಂಟದ ತಿರುವಿನಲ್ಲಿರುತ್ತದೆ. ಫ್ಲೈ ರಾಡಿನ ಕೆಲಸವೇ ಬೇರೆ. ಗರಿ ಸುತ್ತಿದ ಕೊಕ್ಕೆಗೆ ಹೇಳಿಕೊಳ್ಳುವಂಥ ತೂಕವಿಲ್ಲದ ಕಾರಣ ಅದನ್ನು ದೂರಕ್ಕೆ ಒಯ್ಯುವುದು ಲೈನಿನ ತೂಕ. ಎಂಟನೇ ನಂಬರಿನ ಲೈನಿನ ಮೊದಲ 30 ಅಡಿ ತೂಗುವುದು ಸುಮಾರು 13.6 ಗ್ರಾಂ ಮಾತ್ರ. ಇಷ್ಟು ಹಗುರವಾದದ್ದನ್ನೇ ಒಂದು ಸಂಜೆಯಲ್ಲಿ ನೂರಾರು ಸಲ ಹಿಂದೆ ಮುಂದೆ ಬೀಸಬೇಕು. ಹಿಂದಕ್ಕೆ ಎತ್ತುವಾಗ ಬೈಸೆಪ್ಸ್ ಮೊಣಕೈಯನ್ನು ಮಡಚುತ್ತದೆ, ಡೆಲ್ಟಾಯ್ಡ್ ತೋಳನ್ನು ಎತ್ತುತ್ತದೆ, ಬೆನ್ನಿನ ಮೇಲ್ಭಾಗದ ಟ್ರೆಪೀಜಿಯಸ್ ಮತ್ತು ರಾಂಬಾಯ್ಡ್ ಸ್ನಾಯುಗಳು ಹೆಗಲಿನ ಹಲಗೆಮೂಳೆಯನ್ನು ಅಲುಗದಂತೆ ಹಿಡಿಯುತ್ತವೆ. ಮುಂದಕ್ಕೆ ಬೀಸುವಾಗ ಟ್ರೈಸೆಪ್ಸ್ ಮೊಣಕೈಯನ್ನು ಬಿಚ್ಚಿದರೆ, ಎದೆಯ ಪೆಕ್ಟೊರಾಲಿಸ್ ಮತ್ತು ಬೆನ್ನಿನ ಲ್ಯಾಟಿಸಿಮಸ್ ತೋಳನ್ನು ಕೆಳಗೆ ಸೆಳೆಯುತ್ತವೆ. ಇವೆಲ್ಲ ದೊಡ್ಡ ಸ್ನಾಯುಗಳು, ತಡೆದುಕೊಳ್ಳುತ್ತವೆ. ಪೆಟ್ಟು ಬೀಳುವುದು ತೋಳಿನ ಮೂಳೆಯ ಗುಂಡನೆಯ ತುದಿಯನ್ನು ಹೆಗಲಿನ ಕೀಲಿನಲ್ಲಿ ಹಿಡಿದಿಡುವ ರೊಟೇಟರ್ ಕಫ್‌ನ ನಾಲ್ಕು ಸಣ್ಣ ಸ್ನಾಯುಗಳಿಗೆ; ತೋಳನ್ನು ಮತ್ತೆ ಮತ್ತೆ ಹೆಗಲಿನಿಂದ ಮೇಲಕ್ಕೆ ಎತ್ತಿದಾಗ, ಅವುಗಳಲ್ಲಿ ಒಂದಾದ ಸುಪ್ರಾಸ್ಪೈನೇಟಸ್‌ನ ಸ್ನಾಯುರಜ್ಜು ಮೇಲಿನ ಮೂಳೆಗೆ ಸಿಕ್ಕಿ ನೋಯತೊಡಗುತ್ತದೆ.

ನನ್ನ ಹಳೆಯ ರಾಡ್ ಬುಡದಿಂದಲೇ ಬಾಗುತ್ತಿತ್ತು. ಪಡುಗಾಳಿಗೆ ಎದುರಾಗಿ ಲೈನ್ ಚಾಚಲು ಕೈಯನ್ನು ತಲೆಯ ಮೇಲೆ ಎತ್ತಿ ಎತ್ತಿ, ಕೊನೆಗೆ ಬಲಗೈಯನ್ನು ಅಂಗಿಯ ತೋಳಿಗೆ ತೂರಿಸುವುದೂ ಕಷ್ಟವಾಯಿತು. ಈ ರಾಡ್ ಮೇಲಿನ ಅರ್ಧದಲ್ಲಷ್ಟೇ ಬಾಗಿ, ಕೈ ನಿಂತೊಡನೆ ತಾನೂ ನಿಲ್ಲುತ್ತದೆ. ಹೀಗಾಗಿ ಕೈಯನ್ನು ಕಿವಿಯ ಮಟ್ಟದಲ್ಲೇ ನಿಲ್ಲಿಸಿದರೂ ಲೈನ್ ಹಿಂದೆ ನೇರವಾಗಿ ಚಾಚಿಕೊಳ್ಳುತ್ತದೆ. ದಡದಲ್ಲಿ ಬಲೆ ಒಣಗಿಸುತ್ತಿದ್ದ ಹಿರಿಯರೊಬ್ಬರು ನಾನು ಬೀಸುವುದನ್ನು ಸ್ವಲ್ಪ ಹೊತ್ತು ನೋಡಿ, "ಮಾಸ್ಟ್ರೇ, ಮೊಣಕೈ ಪಕ್ಕೆಗೆ ತಾಗಿಕೊಂಡೇ ಇರಲಿ, ಹೊಳೆಗೆ ಹೊಡೆಯಬೇಡಿ" ಎಂದರು. ಹಾಗೆ ಮಾಡಿದ ಮೇಲೆ ಹೆಗಲಿನ ನೋವು ಕಾಣಿಸಿಕೊಂಡಿಲ್ಲ.

ಕೊರತೆಯಿರುವುದು ಹಿಡಿಯಲ್ಲಿ. ಕಾರ್ಕಿನ ಹಿಡಿ ನನ್ನ ಅಂಗೈಗೆ ತೀರ ಸಪೂರವಾಗಿದ್ದು, ಜಾರದಂತೆ ಬಿಗಿಯಾಗಿ ಹಿಡಿದುದರಿಂದ ಮೊದಲ ವಾರ ಮೊಣಕೈಯ ಹೊರಬದಿಯಲ್ಲಿ ಮುಂಗೈ ಸ್ನಾಯುಗಳು ಸೆಳೆಯುತ್ತಿದ್ದವು. ಬ್ಯಾಡ್ಮಿಂಟನ್ ಬ್ಯಾಟಿನ ಗ್ರಿಪ್ ಟೇಪನ್ನು ಎರಡು ಸುತ್ತು ಸುತ್ತಿದ ಮೇಲೆ ಬಿಗಿ ಸಡಿಲಿಸಿ, ಹೆಬ್ಬೆರಳನ್ನು ಮೇಲಿಟ್ಟು ಬೀಸುವುದು ಸಾಧ್ಯವಾಯಿತು. ಇಷ್ಟು ಬೆಲೆಯ ರಾಡಿಗೆ ತಯಾರಕರೇ ದಪ್ಪ ಹಿಡಿ ಕೊಡಬೇಕಿತ್ತು. ಹೆಗಲು ಮೊದಲೇ ನೋಯುತ್ತಿರುವವರು ಒಳಹೊಳೆಯ ಗಾಳಿಯಿಲ್ಲದ ಕಡೆಗೆ ಇನ್ನೂ ಹಗುರವಾದ ಆರನೇ ನಂಬರಿನದನ್ನು ಕೊಳ್ಳಲಿ. ಅಳಿವೆಯ ಗಾಳಿಗೆ ಮಾತ್ರ ನಾನು ಇದನ್ನೇ ಒಯ್ಯುತ್ತೇನೆ.