ಹಳೆಯ ಇಟಾಲಿಯನ್ ಬೈಕನ್ನು ಪೇಂಟರ್ ಕೈಗೆ ಕೊಡುವ ಮುನ್ನ

ಹಳೆಯ ಬೈಕನ್ನು ಮೊದಲಿದ್ದಂತೆಯೇ ಮಾಡಿಸಬೇಕೆಂದು ಹೊರಟವರು ಅದರ ಬಣ್ಣವನ್ನು ಕೆರೆಸಿಹಾಕುವ ಮೊದಲು ಇದನ್ನು ಓದಬೇಕೆಂದು ಕೇಳಿಕೊಳ್ಳುತ್ತೇನೆ. ಕಳೆದ ವರ್ಷ ನಾನು ಮಾಡಿದ ತಪ್ಪಿನಿಂದ 1,450 ಯೂರೋ ಹೋಯಿತು, ಏಳು ತಿಂಗಳು ಹೋಯಿತು, ಜೊತೆಗೆ ಸುಮಾರು ಎಪ್ಪತ್ತು ವರ್ಷ ಬಾಳಿದ್ದ ಕಾರ್ಖಾನೆಯ ಬಣ್ಣವೂ ಹೋಯಿತು.

ನಾನು ಮೈಸೂರಿನವನು. ಒಂಬತ್ತು ವರ್ಷಗಳಿಂದ ಉತ್ತರ ಇಟಲಿಯ ಲೆಕ್ಕೊ ಪಟ್ಟಣದಲ್ಲಿ ಕೆಲಸದಲ್ಲಿದ್ದೇನೆ. ಇಲ್ಲಿಂದ ಸರೋವರದ ದಡ ಹಿಡಿದು ಸುಮಾರು ಹತ್ತು ಕಿಲೋಮೀಟರ್ ಹೋದರೆ ಮಾಂದೆಲ್ಲೊ ದೆಲ್ ಲಾರಿಯೊ ಸಿಗುತ್ತದೆ. 1921ರಲ್ಲಿ ಶುರುವಾದ ಮೋಟೊ ಗೂಟ್ಸಿ ಬೈಕ್ ಕಂಪನಿಯ ಊರು ಅದು. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯ ಹತ್ತಿರ ಬೆಳೆದು, ಅಪ್ಪನ ಮರೂನ್ ಜಾವಾದ ಟ್ಯಾಂಕಿನ ಮೇಲೆ ಕೂತು ಶಾಲೆಗೆ ಹೋದವನಿಗೆ ಇಂಥ ಊರಿನ ಪಕ್ಕದಲ್ಲಿ ಮನೆ ಸಿಕ್ಕಿದರೆ ಏನಾಗಬೇಕೋ ಅದೇ ಆಯಿತು. ಬ್ರಿಯಾಂಜಾ ಪ್ರದೇಶದ ಹಳ್ಳಿಯೊಂದರಲ್ಲಿ, ತೀರಿಕೊಂಡ ಅಜ್ಜನ ಗಾಡಿಯೆಂದು ಮೊಮ್ಮಕ್ಕಳು ಮಾರಲು ಇಟ್ಟಿದ್ದ, ಗೂಟ್ಸಿಯ 1956ರ ಫಾಲ್ಕೋನೆ ಬೈಕನ್ನು ಕೊಂಡೆ. 500 ಸಿಸಿ ವರ್ಗದ ಒಂಟಿ ಸಿಲಿಂಡರು, ಅದೂ ಮುಂದಕ್ಕೆ ಅಡ್ಡ ಮಲಗಿದ್ದು. ಬೋರು (ಸಿಲಿಂಡರಿನ ಒಳವ್ಯಾಸ) 88, ಸ್ಟ್ರೋಕು (ಪಿಸ್ಟನ್ ಓಡಾಡುವ ದೂರ) 82 ಮಿಲಿಮೀಟರ್, ಅಂದರೆ ಗೂಟ್ಸಿಯ ಮೊಟ್ಟಮೊದಲ ಬೈಕಿನ ಅಳತೆಯೇ. ಎಂಜಿನ್ನಿನ ವಿಷಯ ಇಲ್ಲಿ ಬೇಡ. ಕಾರ್ಬುರೇಟರ್ ತೊಳೆದು ಆಯಿಲ್ ಬದಲಿಸಿದ ಮೇಲೆ ಅದು ಯಾವ ತಕರಾರನ್ನೂ ಮಾಡಲಿಲ್ಲ.

ತಕರಾರು ಮಾಡಿದ್ದು ಬಣ್ಣ. ಟ್ಯಾಂಕಿನ ನೆತ್ತಿ ಮತ್ತು ಮಡ್‌ಗಾರ್ಡುಗಳ ಮೇಲ್ಮೈ ಬಿಸಿಲಿಗೆ ಮಾಸಿ ಮಂಗಳೂರು ಹೆಂಚಿನ ಬಣ್ಣಕ್ಕೆ ಬಂದಿದ್ದವು. ಸೀಟಿನ ಅಡಿಯಲ್ಲಿ, ಟ್ಯಾಂಕಿನ ತಳದಲ್ಲಿ ಮತ್ತು ಹತಾರದ ಪೆಟ್ಟಿಗೆಯ ಒಳಗೆ ಮಾತ್ರ ಒಣಗಿದ ಬ್ಯಾಡಗಿ ಮೆಣಸಿನಕಾಯಿಯ ಗಾಢ ಕೆಂಪು ಹಾಗೆಯೇ ಉಳಿದಿತ್ತು. ಒಂದೇ ಗಾಡಿಯ ಮೇಲೆ ಎರಡು ಕೆಂಪು ಇದ್ದರೆ ಬಿಸಿಲು ಕಾಣದ್ದೇ ನಿಜವಾದದ್ದು ಎಂಬುದು ನನಗೆ ಗೊತ್ತಿತ್ತು. ಗೊತ್ತಿದ್ದೂ ಒಂದು ಫೋಟೋ ಕೂಡ ತೆಗೆದಿಡಲಿಲ್ಲ.

ಮಿಲಾನೊ ಬಳಿಯ ನೊವೆಗ್ರೊದಲ್ಲಿ ಹಳೆಯ ಬಿಡಿಭಾಗಗಳ ಮಾರಾಟ ಮೇಳ ನಡೆಯುತ್ತದೆ. ಪೇಂಟರ್ ಸಿಕ್ಕಿದ್ದು ಅಲ್ಲಿ. ಅವರ ಹೆಸರನ್ನೂ ಊರನ್ನೂ ಇಲ್ಲಿ ಬರೆಯುವುದಿಲ್ಲ. "ಗೂಟ್ಸಿ ಕೆಂಪು ತಾನೆ? ಕಣ್ಣು ಮುಚ್ಚಿ ಹೊಡೆಯುತ್ತೇನೆ" ಎಂದರು. ಅವರು ಆಡಿದ ಮಾತುಗಳಲ್ಲಿ ಅಕ್ಷರಶಃ ನಿಜವಾದದ್ದು ಇದೊಂದೇ ಎಂದು ಈಗ ಅನಿಸುತ್ತದೆ. ಏನೇನು ಕೆಲಸ, ಎಷ್ಟು ಹಣ, ಯಾವ ಬಣ್ಣ ಎಂಬ ಅಂದಾಜು ಪಟ್ಟಿಯನ್ನು ಬರೆಸಿಕೊಳ್ಳದೆ, ಏಳುನೂರು ಯೂರೋ ನಗದು ಮುಂಗಡ ಕೊಟ್ಟು, ಬಿಚ್ಚಿದ ಭಾಗಗಳನ್ನೆಲ್ಲ ಅವರ ವ್ಯಾನಿಗೆ ತುಂಬಿ ಕಳುಹಿಸಿದೆ. ಟ್ಯಾಂಕಿನ ತಳವನ್ನು ಮುಟ್ಟಬೇಡಿ, ಬಣ್ಣದ ಮಾದರಿಗೆ ಅದೇ ಆಧಾರ ಎಂದು ಹೇಳಿದ್ದೆ, ಆದರೆ ಬಾಯಿಮಾತಿನಲ್ಲಿ.

ಎರಡು ವಾರಗಳ ನಂತರ ನೋಡಲು ಹೋದಾಗ ಎಲ್ಲವೂ ಸ್ಯಾಂಡ್ ಬ್ಲಾಸ್ಟಿಂಗ್ ಆಗಿ ಬೆಳ್ಳಗೆ ಗೋಡೆಗೆ ಒರಗಿದ್ದವು. ಅವರು ಕೊಟ್ಟ ಕಾರಣದಲ್ಲಿ ಅರ್ಧ ಸತ್ಯವಿತ್ತು: ಹಳೆಯ ಎನ್‌ಸಿ, ಅಂದರೆ ಹಿಂದಿನ ಕಾಲದ ನೈಟ್ರೋಸೆಲ್ಯುಲೋಸ್ ಬಣ್ಣದ ಮೇಲೆ ಈಗಿನ ಹಾರ್ಡ್‌ನರ್ ಬೆರೆಸುವ ಪಿಯು (ಪಾಲಿಯುರೆಥೇನ್) ಬಣ್ಣವನ್ನು ಹೊಡೆದರೆ, ಅದರ ಥಿನ್ನರ್ ಕೆಳಗಿನ ಪದರವನ್ನು ಮೆದುಗೊಳಿಸಿ ಮೇಲ್ಮೈ ಸುಕ್ಕುಗಟ್ಟುವುದುಂಟು. ಹಾಗೆಂದು ತಳವನ್ನೂ ಕೆರೆಯಬೇಕಾಗಿರಲಿಲ್ಲ. ಹಳೆಯ ಬಣ್ಣ ಎನ್‌ಸಿ ಹೌದೋ ಅಲ್ಲವೋ ಎಂದು ನೋಡುವುದೂ ಸುಲಭ. ಮರೆಯಲ್ಲಿರುವ ಒಂದು ಮೂಲೆಯನ್ನು ಥಿನ್ನರಿನಲ್ಲಿ ಅದ್ದಿದ ಹತ್ತಿಯಿಂದ ಉಜ್ಜಿದರೆ, ಎನ್‌ಸಿ ಆಗಿದ್ದಲ್ಲಿ ಬಣ್ಣ ಕರಗಿ ಹತ್ತಿಗೆ ಹತ್ತುತ್ತದೆ. ಅದಲ್ಲದೆ ಟ್ಯಾಂಕಿನಂಥ ತೆಳು ತಗಡಿಗೆ ಒರಟು ಮರಳನ್ನು ಜೋರಾಗಿ ಹೊಡೆದರೆ ತಗಡು ಸೊಟ್ಟಗಾಗುತ್ತದೆ. ನನ್ನ ಟ್ಯಾಂಕಿನ ಎಡಮೈ ಹಪ್ಪಳದಂತೆ ಅಲೆಯೆದ್ದಿತ್ತು. ಅದನ್ನು ಸಮ ಮಾಡಲು ಎಷ್ಟು ಪುಟ್ಟಿ ಮೆತ್ತಿದ್ದಾರೆಂಬುದು ಆಮೇಲೆ ಅಯಸ್ಕಾಂತ ಇಟ್ಟು ನೋಡಿದಾಗ ತಿಳಿಯಿತು. ಅಂಗೈಯಗಲದ ಜಾಗದಲ್ಲಿ ಅದು ಕಚ್ಚಿ ನಿಲ್ಲಲೇ ಇಲ್ಲ.

ಮಾದರಿ ಎಲ್ಲಿಂದ ತೆಗೆದುಕೊಂಡಿರಿ ಎಂದು ಕೇಳಿದೆ. ಬ್ಲಾಸ್ಟಿಂಗಿಗೆ ಮುಂಚೆ ಬಣ್ಣದ ಅಂಗಡಿಯವರು ಬಂದು ಸ್ಪೆಕ್ಟ್ರೋಫೋಟೋಮೀಟರಿನಿಂದ ಅಳೆದುಕೊಂಡು ಹೋಗಿದ್ದಾರೆ ಎಂದರು. ಅಳೆದದ್ದು ಎಲ್ಲಿ? ಹಿಂದಿನ ಮಡ್‌ಗಾರ್ಡಿನ ನೆತ್ತಿಯ ಮೇಲೆ, ಅಲ್ಲಿ ಜಾಗ ಚಪ್ಪಟೆಯಾಗಿತ್ತಂತೆ. ಈ ಯಂತ್ರದ ಬಗ್ಗೆ ಹಲವರಿಗೆ ಅತಿಯಾದ ನಂಬಿಕೆಯಿದೆ. ಅದು ತನ್ನ ಮೂತಿಯ ಕೆಳಗಿರುವ ನಾಣ್ಯದಗಲದ ಜಾಗದಿಂದ ಬೆಳಕು ಹೇಗೆ ಮರಳುತ್ತದೆ ಎಂಬುದನ್ನಷ್ಟೇ ಅಳೆದು, ಈಗ ಸಿಗುವ ಬಣ್ಣದ ಪುಡಿಗಳಿಂದ ಅದಕ್ಕೆ ಹತ್ತಿರದ ಮಿಶ್ರಣವನ್ನು ಹುಡುಕಿಕೊಡುತ್ತದೆ. ಆ ಜಾಗ ಬಿಸಿಲಿಗೆ ಮಾಸಿದೆಯೇ, ಮೇಲೆ ಹೊಗೆಯ ಪೊರೆಯಿದೆಯೇ ಎಂಬುದು ಅದಕ್ಕೆ ತಿಳಿಯದು. ಹೀಗೆ ಎಪ್ಪತ್ತು ವರ್ಷದ ಬಿಸಿಲನ್ನು ಅಳೆದು, ಅದನ್ನೇ ಹೊಚ್ಚ ಹೊಸ ಬಣ್ಣವಾಗಿ ಕಲಸಿಕೊಟ್ಟರು.

ಗಾಡಿಯನ್ನು ತರಲು ಹೋದದ್ದು ಸಂಜೆ ಆರರ ಮೇಲೆ, ಚಳಿಗಾಲದಲ್ಲಿ. ವರ್ಕ್‌ಶಾಪಿನ ಎಲ್‌ಇಡಿ ಟ್ಯೂಬುಗಳ ಕೆಳಗೆ ಟ್ಯಾಂಕು, ಮಡ್‌ಗಾರ್ಡು, ಫೋರ್ಕಿನ ಕವರುಗಳೆಲ್ಲ ಒಂದೇ ಕೆಂಪಾಗಿ ಕಂಡವು. ಸ್ವಲ್ಪ ತಿಳಿಯಾಯಿತೇನೋ ಎಂದುಕೊಂಡೆನಾದರೂ ಹೊಸ ಹೊಳಪಿಗೆ ಮರುಳಾಗಿ ಬಾಕಿ ಹಣ ಕೊಟ್ಟು ಬಂದೆ. ಮರುದಿನ ಬೆಳಿಗ್ಗೆ ಅಂಗಳದಲ್ಲಿ ಹೊದಿಕೆ ತೆಗೆದಾಗ ಟ್ಯಾಂಕು ಟೊಮೆಟೊ ಕೆಂಪಾಗಿತ್ತು, ಮಡ್‌ಗಾರ್ಡುಗಳು ಕಿತ್ತಳೆಯ ಕಡೆಗೆ ವಾಲಿದ್ದವು. ಹತ್ತಿರದಿಂದ ನೋಡಿದರೆ ಕಾರಣ ಮಡ್‌ಗಾರ್ಡಿನ ಒಳಅಂಚಿನಲ್ಲೇ ಕಾಣುತ್ತಿತ್ತು: ಅಲ್ಲಿ ಕೆಂಪು ತೆಳುವಾಗಿ ಬಿದ್ದು ಕೆಳಗಿನ ಬಿಳಿಯ ಪ್ರೈಮರ್ ಇಣುಕುತ್ತಿತ್ತು, ಟ್ಯಾಂಕಿನ ಕ್ಯಾಪಿನ ಸುತ್ತ ಇಣುಕಿದ್ದು ಬೂದು ಪ್ರೈಮರ್. ಕೆಂಪು ಬಣ್ಣಕ್ಕೆ ಕೆಳಗಿನದನ್ನು ಮುಚ್ಚುವ ಶಕ್ತಿ ಕಡಿಮೆ. ಪ್ರೈಮರ್ ಬೇರೆಯಾದರೆ ಒಂದೇ ಡಬ್ಬಿಯ ಕೆಂಪೂ ಬೇರೆಯಾಗಿ ಕಾಣುತ್ತದೆ. ಅದರ ಮೇಲೆ ಅವರು ಫೋರ್ಕಿನ ಕವರುಗಳಿಗೆ ಸಾಲದೆ ಇನ್ನೊಂದು ಅಂಗಡಿಯಿಂದ ಬಣ್ಣ ಕಲಸಿ ತಂದಿದ್ದರಂತೆ. ಬೇರೆ ಬೇರೆ ಪುಡಿಗಳಿಂದ ಕಲಸಿದ ಎರಡು ಬಣ್ಣಗಳು ಒಂದು ದೀಪದ ಕೆಳಗೆ ಹೊಂದಿಕೊಂಡು ಇನ್ನೊಂದು ಬೆಳಕಿನಲ್ಲಿ ಬೇರ್ಪಡುವುದಕ್ಕೆ ಮೆಟಮೆರಿಸಂ ಎನ್ನುತ್ತಾರೆ. ಆ ಪದ ನನಗೆ ಗೊತ್ತಾದದ್ದು ಹಣ ಕೊಟ್ಟ ಮೇಲೆ. ಹಗಲು ಹೊತ್ತಿನಲ್ಲಿ, ಬಯಲಿಗೆ ತಂದು, ಮೋಡವಿದ್ದರೆ ಇನ್ನೂ ಒಳ್ಳೆಯದು, ನೋಡದೆ ಯಾವ ಬಣ್ಣವನ್ನೂ ಒಪ್ಪಿಕೊಳ್ಳಬೇಡಿ.

ಒಪ್ಪಿಕೊಳ್ಳುವುದು ಇಲ್ಲಿ ಬರೀ ಸೌಜನ್ಯದ ಮಾತಲ್ಲ. ಇಟಲಿಯ ನಾಗರಿಕ ಸಂಹಿತೆಯ 2226ನೇ ವಿಧಿಯಂತೆ, ಇಂಥ ಕಸುಬಿನ ಕೆಲಸದಲ್ಲಿ ತಿಳಿದಿದ್ದ ಅಥವಾ ಸುಲಭವಾಗಿ ಕಾಣುವಂತಿದ್ದ ದೋಷವನ್ನು ಸುಮ್ಮನೆ ಒಪ್ಪಿಕೊಂಡರೆ ಕೆಲಸಗಾರನ ಹೊಣೆ ಮುಗಿಯುತ್ತದೆ; ಅಡಗಿದ ದೋಷವಾದರೆ ಕಂಡ ದಿನದಿಂದ ಎಂಟು ದಿನಗಳೊಳಗೆ ಅವನಿಗೆ ತಿಳಿಸಬೇಕು, ವಸ್ತು ಕೈಗೆ ಬಂದ ಒಂದು ವರ್ಷದೊಳಗೆ ದಾವೆ ಹೂಡಬೇಕು. ನಾನು ಎರಡು ಬಾರಿ ಫೋನಿನಲ್ಲಿ ಜಗಳವಾಡಿ, ತಂಗಿಯ ಮದುವೆಗೆಂದು ಮೈಸೂರಿಗೆ ಹೋಗಿ ಬಂದು, ಹತ್ತೊಂಬತ್ತನೆಯ ದಿನ ರಿಜಿಸ್ಟರ್ಡ್ ಪತ್ರ ಬರೆದೆ. ಪರಿಚಯದ ವಕೀಲರು ಓದಿ, ಪತ್ರ ಚೆನ್ನಾಗಿದೆ, ತಾರೀಖು ಚೆನ್ನಾಗಿಲ್ಲ ಎಂದರು. ನಗದಿನ ಮುಂಗಡಕ್ಕೆ ರಸೀತಿಯೂ ಇರಲಿಲ್ಲ.

ಇಷ್ಟರ ಮಧ್ಯೆ ಒಂದು ಭಾಗ ಉಳಿದುಕೊಂಡದ್ದು ನನ್ನ ಜಾಣತನದಿಂದಲ್ಲ. ಹತಾರದ ಪೆಟ್ಟಿಗೆಯ ಮುಚ್ಚಳದ ಚಿಲಕ ತುಕ್ಕು ಹಿಡಿದಿದ್ದರಿಂದ ಅದನ್ನು ಬಿಡಿಸಲು ಎಣ್ಣೆಯಲ್ಲಿ ನೆನೆಹಾಕಿದ್ದೆ. ವ್ಯಾನು ಬಂದ ದಿನ ಅದು ನೆಲಮಾಳಿಗೆಯ ಡಬ್ಬಿಯಲ್ಲೇ ಉಳಿಯಿತು. ಅದರ ಒಳಮೈಯಲ್ಲಿ, ಹೊರಮೈಯಂತೆ ಯಾರೂ ಮತ್ತೆ ಬಣ್ಣ ಹೊಡೆಯದ ಜಾಗದಲ್ಲಿ, ಹಳೆಯ ಗ್ರೀಸಿನ ಕೆಳಗೆ ಆ ಗಾಢ ಕೆಂಪು ಸಿಕ್ಕಿತು. ಹೊರಮೈಯ ಒಂದು ಮೂಲೆಯನ್ನು 2000 ನಂಬರಿನ ವಾಟರ್ ಪೇಪರಿನಿಂದ ನೀರು ಹಾಕಿ ನಿಧಾನವಾಗಿ ಉಜ್ಜಿದಾಗ ಮರದ ಕಾಂಡದಲ್ಲಿರುವಂತೆ ಉಂಗುರಗಳು ತೆರೆದುಕೊಂಡವು: ಅಂಚಿಗೆ ಯಾರೋ ಆಮೇಲೆ ಹೊಡೆಸಿದ್ದ ಕೆಂಪು, ಅದರೊಳಗೆ ಬೂದು, ಅದರೊಳಗೆ ಮತ್ತೆ ಆ ಗಾಢ ಕೆಂಪು, ನಡುವಿನಲ್ಲಿ ಕಂದು ಪ್ರೈಮರ್, ಕೊನೆಗೆ ತಗಡು. ಕಾರ್ಖಾನೆಯ ಬಣ್ಣ ಯಾವುದು, ಅದರ ಕೆಳಗೆ ಯಾವ ಪ್ರೈಮರ್ ಇತ್ತು ಎಂಬ ಎರಡೂ ಪ್ರಶ್ನೆಗೆ ನಾಲ್ಕಾಣೆಯಷ್ಟಗಲದ ಆ ಜಾಗ ಉತ್ತರ ಕೊಟ್ಟಿತು. ನಿಮ್ಮ ಗಾಡಿಯಲ್ಲೂ ಬ್ಯಾಡ್ಜಿನ ಹಿಂದೆ, ಮೊಣಕಾಲಿನ ರಬ್ಬರಿನ ಕೆಳಗೆ, ಸೀಟಿನ ಬೋಲ್ಟಿನ ವಾಷರ್ ಕೂತಿದ್ದಲ್ಲಿ ಇಂಥ ಜಾಗ ಇದ್ದೇ ಇರುತ್ತದೆ. ಬಿಚ್ಚುವಾಗಲೇ ಹುಡುಕಿ, ಅಂಥ ಒಂದು ಭಾಗವನ್ನು ಮನೆಯಲ್ಲೇ ಇಟ್ಟುಕೊಂಡು ಉಳಿದದ್ದನ್ನು ಕಳುಹಿಸಿ. ಕ್ಯಾಟಲಾಗಿನ ಕೋಡನ್ನಾಗಲಿ ಗೂಟ್ಸಿ ಕೆಂಪು ಎಂಬ ಹೆಸರನ್ನಾಗಲಿ ಅದರ ಬದಲಿಗೆ ನಂಬಬೇಡಿ.

ಬೆರ್ಗಾಮೊ ಕಡೆಯ ಹಿರಿಯ ಕುಶಲಕರ್ಮಿಯೊಬ್ಬರು ಈಗ ಆ ಮುಚ್ಚಳವನ್ನೇ ಮುಂದಿಟ್ಟುಕೊಂಡು ಕಣ್ಣಳತೆಯಲ್ಲಿ ಬಣ್ಣ ಕಲಸುತ್ತಿದ್ದಾರೆ. ತಗಡಿನ ಪಟ್ಟಿಗಳಿಗೆ ಕಂದು ಪ್ರೈಮರ್ ಹೊಡೆದು, ಮೇಲೆ ಕೆಂಪು ಹೊಡೆದು, ಪೂರ್ತಿ ಒಣಗಿದ ಮೇಲೆ ಬಾಗಿಲಾಚೆ ನೆರಳಿನಲ್ಲಿ ಮುಚ್ಚಳದ ಪಕ್ಕ ಹಿಡಿದು ನೋಡುತ್ತಾರೆ. ಆರು ಪಟ್ಟಿಗಳನ್ನು ಅವರೇ ತಳ್ಳಿಹಾಕಿದರು. ಏಳನೆಯದರ ಹಿಂದೆ ನಾವಿಬ್ಬರೂ ತಾರೀಖು ಹಾಕಿ ಸಹಿ ಮಾಡಿದ್ದೇವೆ. ಅಂದಾಜು ಪಟ್ಟಿ ಎರಡು ಪುಟವಿದೆ. ಟ್ಯಾಂಕಿನ ಪುಟ್ಟಿ ಕೀಳುವ ಕೆಲಸ ಮುಂದಿನ ತಿಂಗಳು ಶುರುವಾಗುತ್ತದೆ. ಎಡಮೈಯ ತಗಡು ನೇರವಾಗುತ್ತದೋ ಇಲ್ಲವೋ ಕಿತ್ತ ಮೇಲೆಯೇ ಹೇಳುತ್ತೇನೆ ಎಂದಿದ್ದಾರೆ.