ಮೂರು ಇಂಟರ್ನೆಟ್, ಎರಡು ಮಳೆಗಾಲ: ಕಾಸರಗೋಡಿನ ನಮ್ಮ ಮನೆಯಲ್ಲಿ ಉಳಿದದ್ದು ಯಾವುದು?

ನಮ್ಮ ಮನೆ ಬದಿಯಡ್ಕ ಪೇಟೆಯಿಂದ ಏಳು ಕಿಲೋಮೀಟರ್ ಒಳಗೆ. ಹಿಂದೆ ಗುಡ್ಡೆ, ಮುಂದೆ ಅಡಿಕೆ ತೋಟ. ನಾನು ಬೆಂಗಳೂರಿನ ಕೆಲಸವನ್ನು ಇಲ್ಲಿಂದಲೇ ಮಾಡುತ್ತೇನೆ. ಇಂಟರ್ನೆಟ್ ಹೋದರೆ ಅವತ್ತಿನ ಕೆಲಸ ಹೋಯಿತು ಅಂತಲೇ ಲೆಕ್ಕ. ಎರಡು ಮಳೆಗಾಲದಲ್ಲಿ ಮೂರು ಬಗೆಯ ಸಂಪರ್ಕ ಬಳಸಿ ನೋಡಿದ್ದೇನೆ. ದೊಡ್ಡ ಮೊಬೈಲ್ ಕಂಪನಿಯೊಂದರ, ಟವರಿನಿಂದ ತಂತಿಯಿಲ್ಲದೆ ಇಂಟರ್ನೆಟ್ ತರುವ 5ಜಿ ಡಬ್ಬ, ಕೇರಳ ಸರ್ಕಾರದ ಕೆಫೋನ್, ಊರಿನ ಕೇಬಲ್‌ನವರ ಕೇರಳ ವಿಷನ್. ನೆಂಟರು ಸಿಕ್ಕಿದಾಗೆಲ್ಲ "ಯಾವುದು ಹಾಕಿಸುವುದು?" ಅಂತ ಕೇಳುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಬಂದದ್ದು ಡಬ್ಬ. ಹಾಕಿಸುವುದು ಸುಲಭ, ಅದನ್ನು ಒಪ್ಪಲೇಬೇಕು. ಮಾಡಿನ ಮೇಲೆ ಆಂಟೆನಾ, ಒಳಗೆ ವೈಫೈ ಪೆಟ್ಟಿಗೆ, ಅರ್ಧ ದಿನದಲ್ಲಿ ಮುಗಿಯಿತು. ಬೆಳಗ್ಗೆ ವೇಗ 100 ಎಂಬಿಪಿಎಸ್ ಹತ್ತಿರ ಬರುತ್ತಿತ್ತು. ಸಂಜೆ ಊರವರೆಲ್ಲ ಮೊಬೈಲ್ ಹಿಡಿದು ಕೂತರೆ ಹನ್ನೆರಡು, ಹದಿನೈದಕ್ಕೆ ಇಳಿಯುತ್ತಿತ್ತು. ಇರುವ ಒಂದು ಟವರನ್ನು ಎಲ್ಲರೂ ಹಂಚಿಕೊಳ್ಳಬೇಕಲ್ವಾ. ಅಷ್ಟೇ ಆಗಿದ್ದರೆ ಸಹಿಸಿಕೊಳ್ಳುತ್ತಿದ್ದೆ. ಆದರೆ ಜೂನ್ ಬಂತು. ಕರೆಂಟ್ ಹೋಗಿ ಆರೇಳು ಗಂಟೆಯಾದರೆ ಟವರೂ ಮಲಗುತ್ತಿತ್ತು. ಮನೆಯಲ್ಲಿ ಇನ್ವರ್ಟರ್ ಇದ್ದೂ ಉಪಯೋಗವಿಲ್ಲ. ಫೋನ್ ಮಾಡಿದರೆ ಮನುಷ್ಯರ ದನಿ ಕೇಳಲು ಇಪ್ಪತ್ತು ನಿಮಿಷ. ಕೊನೆಗೆ ಬೇಡ ಅಂದೆ. ಡಬ್ಬ ವಾಪಸ್ ಒಯ್ಯಲು ಅವರಿಗೆ ಎರಡು ತಿಂಗಳು ಬೇಕಾಯಿತು, ಡೆಪಾಸಿಟ್ ಬರಲು ಇನ್ನೊಂದು ತಿಂಗಳು. ಬೇರೆ ದಾರಿಯೇ ಇಲ್ಲದಿದ್ದರೆ ನಾನು ಇವತ್ತಿಗೂ ಅದನ್ನೇ ಕಟ್ಟಿಕೊಂಡು ಇರಬೇಕಿತ್ತು.

ಕೆಫೋನನ್ನು ಬಳಸಿದ್ದು ಚಿಕ್ಕಪ್ಪನ ಮನೆಯಲ್ಲಿ. ಅವರು ಮಗಳ ಮನೆಗೆ ಹೋಗಿದ್ದಾಗ ಮೂರು ವಾರ ಅಲ್ಲೇ ಕೂತು ಕೆಲಸ ಮಾಡಿದೆ. ಇಂಟರ್ನೆಟ್ ಜನರ ಮೂಲ ಹಕ್ಕು ಎಂದು ಸಾರಿದ ಕೇರಳ ಸರ್ಕಾರ 2023ರ ಜೂನ್ 5ರಂದು ಇದನ್ನು ಶುರು ಮಾಡಿತು. ಕೆಫೋನ್ ಕಂಪನಿಯಲ್ಲಿ ವಿದ್ಯುತ್ ಮಂಡಳಿಗೂ ಪಾಲಿದೆ. ಕರೆಂಟ್ ಕಂಬ ಹೇಗೂ ಊರೂರಿಗೆ ಹೋಗಿದೆ, ಅದರ ಮೇಲೆಯೇ ಫೈಬರ್ ಎಳೆದರು. ಶುರುವಿನ ಪ್ಲಾನ್ 20 ಎಂಬಿಪಿಎಸ್, ತಿಂಗಳಿಗೆ 3,000 ಜಿಬಿ, 299 ರೂಪಾಯಿ, ಮೇಲೆ ತೆರಿಗೆ. 20 ಅಂದರೆ ಕಡಿಮೆ ಅನಿಸಬಹುದು. ನನಗೂ ಅನಿಸಿತ್ತು. ಆದರೆ ಆ ಮೂರು ವಾರದಲ್ಲಿ ಒಂದು ವಿಡಿಯೊ ಮೀಟಿಂಗ್ ಕೂಡ ತುಂಡಾಗಲಿಲ್ಲ. ಸಂಜೆಗೊಮ್ಮೆ ಮಲಗುವ 100ಕ್ಕಿಂತ ಅಲ್ಲಾಡದ 20 ಎಷ್ಟೋ ವಾಸಿ. ಒಂದು ಬೇಸರ ಇದೆ. 20 ಲಕ್ಷ ಬಡ ಮನೆಗಳಿಗೆ ಪುಕ್ಕಟೆ ಕೊಡುವ ಗುರಿ ಇಟ್ಟವರು ಮೊದಲ ಹಂತಕ್ಕೆ ಎಣಿಸಿದ್ದು ಬರೀ 14,000 ಮನೆ, ಒಂದೊಂದು ವಿಧಾನಸಭಾ ಕ್ಷೇತ್ರಕ್ಕೆ ನೂರರ ಹಾಗೆ. ಆನ್‌ಲೈನ್ ಕ್ಲಾಸಿಗಾಗಿ ಗುಡ್ಡೆ ಹತ್ತಿದ ಮಕ್ಕಳನ್ನು ನಾನು ಕೊರೋನಾ ಸಮಯದಲ್ಲಿ ಕಣ್ಣಾರೆ ಕಂಡಿದ್ದೇನೆ. ಆ ಮನೆಗಳೇ ಮೊದಲು ಆಗಬೇಕಿತ್ತು.

ನಮ್ಮ ಮನೆಗೆ ಕೊನೆಗೆ ಬಂದದ್ದು ಕೇರಳ ವಿಷನ್. ಇದು ಯಾವುದೋ ಸೇಠನ ಕಂಪನಿ ಅಂತ ನಾನು ತಿಳಿದಿದ್ದೆ. ವಿಚಾರಿಸಿದರೆ ಕೇರಳದ ಸಣ್ಣ ಸಣ್ಣ ಕೇಬಲ್ ಆಪರೇಟರ್‌ಗಳೇ ಒಟ್ಟು ಸೇರಿ ಕಟ್ಟಿದ ಕಂಪನಿ. ಟಿವಿ ಕೇಬಲ್ ಎಳೆಯುತ್ತಿದ್ದವರೇ ಪಾಲುದಾರರು. ಈಗ 10 ಲಕ್ಷಕ್ಕೂ ಜಾಸ್ತಿ ಮನೆಗಳಿಗೆ ಇಂಟರ್ನೆಟ್ ಕೊಡುತ್ತಿದ್ದಾರೆ, ತಂತಿಯ ಇಂಟರ್ನೆಟ್‌ನಲ್ಲಿ ದೇಶದ ಮೊದಲ ಐದು ಕಂಪನಿಗಳ ಸಾಲಿನಲ್ಲಿ ಇದ್ದಾರೆ. ರಸ್ತೆಯಿಂದ ನಮ್ಮ ಮನೆಗೆ ಕಂಬ ಇರಲಿಲ್ಲ. ನಾಲ್ಕು ಮನೆಯವರು ಸೇರಿ ಕಬ್ಬಿಣದ ಪೈಪ್ ನೆಟ್ಟೆವು, ಅವರು ತಂತಿ ಎಳೆದು ಕೊಟ್ಟರು.

ಜುಲೈಯಲ್ಲಿ ಒಂದು ದಿನ ತೆಂಗಿನ ಮಡಲು ಬಿದ್ದು ತಂತಿ ತುಂಡಾಯಿತು. ಪೆಟ್ಟಿಗೆಯಲ್ಲಿ ಕೆಂಪು ದೀಪ ಮಿಣುಕತೊಡಗಿತು. ಕೇಬಲ್‌ನವನ ನಂಬರ್ ನನ್ನ ಫೋನಿನಲ್ಲೇ ಇದೆ. ಮಧ್ಯಾಹ್ನದೊಳಗೆ ಬಂದ. ಹಲಸಿನ ಮರದಡಿ ಕೊಡೆ ಬಿಡಿಸಿ ಇಟ್ಟು, ಅದರೊಳಗೆ ಸಣ್ಣ ಯಂತ್ರ ಇಟ್ಟುಕೊಂಡು ಕೂತ. ತಂತಿಯ ಸಿಪ್ಪೆ ಸುಲಿದ. ಒಳಗೆ ಕೂದಲಿನಷ್ಟು ತೆಳು ಗಾಜಿನ ಎಳೆ. ಅದನ್ನು ಸ್ಪಿರಿಟ್‌ನಲ್ಲಿ ಒರೆಸಿ, ತುದಿ ಕತ್ತರಿಸಿ, ಎರಡೂ ಎಳೆಗಳನ್ನು ಎದುರೆದುರು ಇಟ್ಟ. ಯಂತ್ರದ ಪರದೆಯಲ್ಲಿ ಎರಡು ಗೆರೆಗಳು ನಿಧಾನ ಹತ್ತಿರ ಬಂದು ಒಂದಾದವು. ಬೆಳಕಿನ ಬಲ ಅಳೆಯುವ ಮೀಟರ್ ಹಿಡಿದು "ಮೈನಸ್ 21 ಉಂಟು ಅಕ್ಕ, ತೊಂದರೆ ಇಲ್ಲ" ಅಂದ. ಮೈನಸ್ 27 ದಾಟಿದರೆ ಬೆಳಕು ಸಾಲುವುದಿಲ್ಲವಂತೆ. ಚಾ ಕುಡಿದು ಹೋದ. ಕರೆಂಟ್ ಹೋದರೂ ಇದು ನಡೆಯುತ್ತದೆ. ಅವರ ಆಫೀಸಿನಿಂದ ನಮ್ಮ ಮನೆವರೆಗೆ ನಡುವೆ ಎಲ್ಲೂ ಕರೆಂಟ್ ಬೇಕಿಲ್ಲ. ಅಲ್ಲಿ ಬ್ಯಾಟರಿ, ಇಲ್ಲಿ ಇನ್ವರ್ಟರ್ ಇದ್ದರೆ ಸಾಕು.

ಇನ್ನೊಂದು ಪರೀಕ್ಷೆಯನ್ನೂ ಮಾಡಿದೆ. ನಮ್ಮ ಕಡೆಯ ಹುಡುಗರು ತಾಳಮದ್ದಳೆಯನ್ನು ನೇರ ಪ್ರಸಾರ ಮಾಡುತ್ತಾರೆ. ಮೂರು ಸಂಪರ್ಕದಲ್ಲೂ ಅದನ್ನು ನೋಡಿದೆ. ದೊಡ್ಡ ಸಿನಿಮಾ ಆ್ಯಪ್‌ಗೆ ಎಷ್ಟು ಡೇಟಾ ದರವೋ ಇದಕ್ಕೂ ಅಷ್ಟೇ. ಇದು ಸುಮ್ನೆ ಬಂದದ್ದಲ್ಲ. 2015ರಲ್ಲಿ ಕೆಲವು ಆ್ಯಪ್‌ಗಳನ್ನು ಮಾತ್ರ ಪುಕ್ಕಟೆ ತೋರಿಸುವ ಯೋಜನೆಗಳು ಬಂದಾಗ ಅದು ಬೇಡ ಅಂತ ದೇಶದ 10 ಲಕ್ಷಕ್ಕೂ ಮೀರಿ ಇಮೇಲ್‌ಗಳು ಟೆಲಿಕಾಂ ನಿಯಂತ್ರಕ ಟ್ರಾಯ್‌ಗೆ ಹೋದವು. ಬೆಂಗಳೂರಿನ ರೂಮಿನಲ್ಲಿ ಕೂತು ನಾನೂ ಒಂದು ಕಳಿಸಿದ್ದೆ. 2016ರ ಫೆಬ್ರವರಿ 8ರಂದು ಟ್ರಾಯ್ ನಿಯಮ ತಂದಿತು: ಏನನ್ನು ನೋಡುತ್ತೀರಿ ಎಂಬುದರ ಮೇಲೆ ಡೇಟಾ ದರ ಬದಲಿಸುವಂತಿಲ್ಲ. ಮೀರಿದರೆ ದಿನಕ್ಕೆ 50,000 ರೂಪಾಯಿ, ಹೆಚ್ಚೆಂದರೆ 50 ಲಕ್ಷದವರೆಗೆ ದಂಡ. ಅಮೆರಿಕದಲ್ಲಿ ಇಂಥದೇ ನಿಯಮ 2015ರಲ್ಲಿ ಬಂತು, 2017ರಲ್ಲಿ ತೆಗೆದರು, 2024ರಲ್ಲಿ ಮತ್ತೆ ತಂದರು, 2025ರ ಜನವರಿಯಲ್ಲಿ ಕೋರ್ಟು ಅದನ್ನು ರದ್ದು ಮಾಡಿತು. ನಮ್ಮಲ್ಲಿ ಉಳಿದಿದೆ. ಉಳಿಯಲೇಬೇಕು, ಇಲ್ಲದಿದ್ದರೆ ನಮ್ಮ ಭಾಗವತರ ಪದ ಯಾವ ಪುಕ್ಕಟೆ ಪಟ್ಟಿಗೂ ಸೇರುವುದಿಲ್ಲ.

ಆದರೆ ಆ ನಿಯಮ ನಮ್ಮ ಗುಡ್ಡೆಗೆ ತಂತಿ ಎಳೆಯುವುದಿಲ್ಲ. ಅದಕ್ಕೆ ಕಂಬ ಬೇಕು, ಕಂಬ ಹತ್ತುವ ಜನ ಬೇಕು. ಚಿಕ್ಕಪ್ಪನ ಮನೆಗೆ ಕೆಫೋನ್ ತಂತಿ ತಂದವರು ಕೂಡ ಊರಿನ ಕೇಬಲ್‌ನವರೇ. ಕೊನೆಯ ಹಂತದ ಕೆಲಸವನ್ನು ಕೆಫೋನ್ ಅವರ ಕೈಗೇ ಕೊಟ್ಟಿದೆ. ಈ ಸಣ್ಣವರು ಒಂದೊಂದು ಕರೆಂಟ್ ಕಂಬಕ್ಕೂ ವರ್ಷಕ್ಕಿಷ್ಟು ಅಂತ ಬಾಡಿಗೆ ಕಟ್ಟಬೇಕು. ನಾಲ್ಕು ಮನೆಗಾಗಿ ಹತ್ತು ಕಂಬ ದಾಟುವವನಿಗೆ ಆ ಬಾಡಿಗೆ ಏರಿದರೆ ನಮ್ಮಂಥ ಒಳಗಿನ ಮನೆಗಳನ್ನೇ ಮೊದಲು ಬಿಡಬೇಕಾಗುತ್ತದೆ. ಆಮೇಲೆ ಉಳಿಯುವುದು ಮತ್ತೆ ಅದೇ ಡಬ್ಬ.

ತಿಂಗಳಿಗೆ 500ರ ಆಸುಪಾಸು ಕೊಟ್ಟು ನಾವು ಊರಿನ ತಂತಿಯನ್ನೇ ಇಟ್ಟುಕೊಂಡಿದ್ದೇವೆ. ನನ್ನ ಫೈಲುಗಳು ದೊಡ್ಡವು, 20 ಸಾಲುವುದಿಲ್ಲ. ಚಿಕ್ಕಪ್ಪನಿಗೆ ಕೆಫೋನೇ ಸರಿ. ಮೊನ್ನೆ ಫೋನ್ ಮಾಡಿ, "30 ಎಂಬಿಪಿಎಸ್ ಪ್ಲಾನ್ ಹಾಕಿಸಲೋ ಹೇಗೆ?" ಅಂತ ಕೇಳಿದರು. ಬೇಡ ಚಿಕ್ಕಪ್ಪ, ನೀವು ನೋಡುವ ತಾಳಮದ್ದಳೆಗೆ 20 ಧಾರಾಳ ಅಂದೆ.